ಜಪಾನಿಗೆ ಯಾವ ಕನ್ಸೋಲ್? ನಾವು ಓದಿದ್ದು ತಪ್ಪು ಅಂಕಿ

ಕತೆ ಓದಿಸಿಕೊಂಡು ಹೋಗುವ ನಿಮ್ಮ ಪಿಸಿ ಗೇಮ್ ಮುಕ್ಕಾಲು ಮುಗಿದಿದೆ; ಸೋನಿಯ ಪಿಎಸ್5 (ಪ್ಲೇಸ್ಟೇಷನ್ 5), ನಿಂಟೆಂಡೊದ ಸ್ವಿಚ್, ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್, ಈ ಮೂರು ಕನ್ಸೋಲ್‌ಗಳಲ್ಲಿ (ಆಟದ ಯಂತ್ರಗಳಲ್ಲಿ) ಜಪಾನಿನ ಪಬ್ಲಿಷರ್‌ಗಳು, ಅಂದರೆ ಆಟ ಹೊರತಂದು ಮಾರುವ ಕಂಪನಿಗಳು, ಯಾವುದನ್ನು ಹೇಗೆ ಆರಿಸುತ್ತಾರೆ ಅಂತ ಕೇಳಿದ್ದೀರಿ. 2019ರ ಶುರುವಿನಲ್ಲಿ ಬೆಂಗಳೂರಿನ ಒಂದು ಬಾಡಿಗೆ ಮಹಡಿಯಲ್ಲಿ ನಾವು ಐದು ಜನ ಇದೇ ಪ್ರಶ್ನೆ ಇಟ್ಟುಕೊಂಡು ಕೂತಿದ್ದೆವು.

ಆಗ ತಾನೇ ಲೆಕ್ಕ ಹೊರಬಿದ್ದಿತ್ತು. 2018ರ ಕೊನೆಗೆ ಪ್ರಪಂಚದಲ್ಲಿ ಪಿಎಸ್5ಗಿಂತ ಹಿಂದಿನ ಪಿಎಸ್4 ಸುಮಾರು 9.16 ಕೋಟಿ, ಸ್ವಿಚ್ ಸುಮಾರು 3.2 ಕೋಟಿ ಮಾರಿದ್ದವು. ಹತ್ತಿರ ಹತ್ತಿರ ಮೂರು ಪಟ್ಟು. ಮೇಲಾಗಿ ಪಿಎಸ್4ನಲ್ಲಿ 8 ಜಿಬಿ ಮೆಮೊರಿ, ಸ್ವಿಚ್‌ನಲ್ಲಿ 4. ಅರ್ಧ ಗಂಟೆಯಲ್ಲಿ ಪಿಎಸ್4 ಅಂತ ತೀರ್ಮಾನ ಆಯಿತು.

ಎಡವಿದ್ದು ಅಲ್ಲೇ. ಇದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವೂ ನಿಮ್ಮ ಪ್ರಶ್ನೆಯಲ್ಲಿ ಪ್ರಪಂಚದ ಅಂಕಿಯನ್ನೇ ಬರೆದಿದ್ದೀರಿ. 9.16 ಕೋಟಿ ಇಡೀ ಭೂಮಂಡಲದ್ದು. ಅದರಲ್ಲಿ ಜಪಾನಿನ ಪಾಲೆಷ್ಟು ಅಂತ ನಮ್ಮಲ್ಲಿ ಒಬ್ಬರೂ ನೋಡಲಿಲ್ಲ. ನೋಡುವುದು ಕಷ್ಟವೂ ಇರಲಿಲ್ಲ: ಅಲ್ಲಿ ಯಾವ ಯಂತ್ರ ಎಷ್ಟು ಮಾರಿತು ಅಂತ ಜಪಾನಿನ ಗೇಮ್ ಪತ್ರಿಕೆ ಫಾಮಿತ್ಸು ವಾರವಾರವೂ ಪಟ್ಟಿ ಕೊಡುತ್ತದೆ. ಪಿಎಸ್4 ಜಪಾನಿಗೆ ಬಂದದ್ದು 2014ರ ಫೆಬ್ರವರಿಯಲ್ಲಿ, ಸ್ವಿಚ್ 2017ರ ಮಾರ್ಚ್‌ನಲ್ಲಿ. ಮೂರು ವರ್ಷ ತಡವಾಗಿ ಹೊರಟ ಸ್ವಿಚ್ ಅಲ್ಲಿ ಪಿಎಸ್4ರ ಬೆನ್ನಿಗೇ ಬಂದು ನಿಂತಿತ್ತು. 2019ರಲ್ಲೇ ದಾಟಿಯೂ ಹೋಯಿತು. ಅಂದರೆ ನಾವು ಹಾಕಿದ ಬಜೆಟ್, ಬರೆದ ಕೋಡ್ ಎಲ್ಲವೂ ನಿಂತದ್ದು ಅಮೆರಿಕ, ಯುರೋಪಿನ ಮನೆಗಳ ಲೆಕ್ಕದ ಮೇಲೆ. ದುಡ್ಡು ಸುರಿದು ಮಾಡಿಸಿದ್ದು ಮಾತ್ರ ಜಪಾನೀ ಅನುವಾದ. ಒಂದು ಅಂಕಿಯನ್ನು ತಪ್ಪು ಸಾಲಿನಿಂದ ಓದಿದ್ದಕ್ಕೆ ನಮ್ಮ ಹನ್ನೊಂದು ತಿಂಗಳು ಹೋಯಿತು.

ಸೆಪ್ಟೆಂಬರ್‌ನಲ್ಲಿ ಚಿಬಾದ ಮಕುಹಾರಿ ಮೆಸ್ಸೆಯಲ್ಲಿ ಟೋಕಿಯೋ ಗೇಮ್ ಶೋ. ನಮ್ಮ ಪಬ್ಲಿಷರ್ ಮಳಿಗೆಯ ಒಂದು ಮೂಲೆಯಲ್ಲಿ ಟಿವಿ, ಪಿಎಸ್4. ಬಂದವರು ಹತ್ತು ನಿಮಿಷ ಆಡಿ, ಕಂಟ್ರೋಲರನ್ನು ಮೆಲ್ಲಗೆ ಕೆಳಗಿಟ್ಟು, ತಲೆಬಾಗಿ ಕೇಳುತ್ತಿದ್ದುದು ಒಂದೇ ಮಾತು: “ಸುಇಚ್ಚಿ ದೆ ದೆಮಾಸು ಕಾ?” ಸ್ವಿಚ್‌ನಲ್ಲಿ ಬರುತ್ತಾ? ಮರುವಾರ, 20ನೇ ತಾರೀಕು, ಕೈಯಲ್ಲಿ ಹಿಡಿದೇ ಆಡುವ ಚಿಕ್ಕ ಸ್ವಿಚ್, ಸ್ವಿಚ್ ಲೈಟ್, ಅಂಗಡಿಗೆ ಬಂತು. ಅದನ್ನು ಟಿವಿಗೆ ಜೋಡಿಸಲಿಕ್ಕೇ ಆಗುವುದಿಲ್ಲ. ಪರದೆ 5.5 ಇಂಚು.

ಟಿವಿಗೆಂದು ಕೂರಿಸಿದ್ದ ನಮ್ಮ ಅಕ್ಷರಗಳನ್ನು ಆ ಪರದೆಯಲ್ಲಿ ತೆರೆದೆವು. ಬೆರಗಾಗುವುದಕ್ಕೆ ಜಪಾನಿಯಲ್ಲಿ ‘ಒದೊರೊಕು’ ಅನ್ನುತ್ತಾರೆ, ಅದರ ಕಾಂಜಿಯಲ್ಲಿ (ಚೀನೀ ಮೂಲದ ಅಕ್ಷರದಲ್ಲಿ) 22 ಗೆರೆ. ನಮ್ಮ ಕತೆಯಲ್ಲಿ ಆ ಪದ ಮತ್ತೆ ಮತ್ತೆ ಬರುತ್ತದೆ. ಬಂದಲ್ಲೆಲ್ಲ ಒಂದು ಕರಿ ಚುಕ್ಕೆ, ಇರುವೆ ಕೂತ ಹಾಗೆ. ಅಕ್ಷರ ದೊಡ್ಡದು ಮಾಡಿದರೆ ಮಾತು ಚೌಕಟ್ಟು ಮೀರುತ್ತದೆ, ಚೌಕಟ್ಟು ಹಿಗ್ಗಿಸಿದರೆ ಪಾತ್ರದ ಮುಖ ಮುಚ್ಚುತ್ತದೆ. ಕೊನೆಗೆ ಸಂಭಾಷಣೆಯ ಸಾಲುಗಳನ್ನೆಲ್ಲ ಒಡೆದು ಮತ್ತೆ ಬರೆಸಿದೆವು. 4 ಜಿಬಿಯಲ್ಲಿ ಆಟವನ್ನು ಹಿಡಿಸಲು ಪಟ್ಟ ಪಾಡು ಬೇರೆ.

ಹಾಗಾಗಿ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ಅಲ್ಲಿನ ಒಳ್ಳೆಯ ಪಬ್ಲಿಷರ್‌ಗಳು ಸಿದ್ಧವಾದ ಆಟ ಹಿಡಿದುಕೊಂಡು ಯಂತ್ರ ಹುಡುಕುವುದಿಲ್ಲ. ಆಡುವವರು ಎಲ್ಲಿ, ಯಾರ ಜೊತೆ ಕೂರುತ್ತಾರೆ ಅನ್ನುವುದನ್ನು ಮೊದಲು ಗೊತ್ತು ಮಾಡಿಕೊಂಡು ಆಟ ಕಟ್ಟುತ್ತಾರೆ. ಕ್ಯಾಪ್‌ಕಾಮ್ ಕಂಪನಿಯ ಬೇಟೆಯ ಆಟಗಳ ಸರಣಿ ಮಾನ್‌ಸ್ಟರ್ ಹಂಟರ್ 2004ರಲ್ಲಿ ಪಿಎಸ್2ನಲ್ಲಿ ಹುಟ್ಟಿತು, ಆದರೆ ಜಪಾನಿಗೆ ಹುಚ್ಚು ಹಿಡಿಸಿದ್ದು ಸೋನಿಯ ಕೈಯಂತ್ರ ಪಿಎಸ್‌ಪಿಯಲ್ಲಿ: ನಾಲ್ಕು ಗೆಳೆಯರು ಒಂದೇ ಮೇಜಿನ ಸುತ್ತ ಕೂತು ಬೇಟೆಯಾಡಬಹುದಿತ್ತು. 2011ರಲ್ಲಿ ಅದು ನಿಂಟೆಂಡೊದ ಕೈಯಂತ್ರ 3ಡಿಎಸ್‌ಗೆ ಹೋಯಿತು. ಹೊರದೇಶಗಳ ಮೇಲೆ ಕಣ್ಣಿಟ್ಟು ಮಾಡಿದ 2018ರ ‘ವರ್ಲ್ಡ್’ ಪಿಎಸ್4, ಎಕ್ಸ್‌ಬಾಕ್ಸ್ ಒನ್ ಎರಡಕ್ಕೂ ಬಂತು. ಜಪಾನಿನಲ್ಲಿ ಮಾತ್ರ ಎಕ್ಸ್‌ಬಾಕ್ಸ್ ಆವೃತ್ತಿಯನ್ನು ಬಿಡುಗಡೆ ಮಾಡಲೇ ಇಲ್ಲ. 2021ರ ‘ರೈಸ್’ ಮೊದಲು ಬಂದದ್ದು ಸ್ವಿಚ್‌ಗೆ. ಜಪಾನಿನ ಇನ್ನೊಂದು ಜನಪ್ರಿಯ ಸರಣಿ ಡ್ರ್ಯಾಗನ್ ಕ್ವೆಸ್ಟ್‌ನ ಎಂಟನೆಯ ಆಟ ಪಿಎಸ್2ನಲ್ಲಿ ಇತ್ತು. ಪಿಎಸ್3 ಅಂಗಡಿಗೆ ಬಂದ ಮರುತಿಂಗಳೇ, 2006ರ ಡಿಸೆಂಬರ್‌ನಲ್ಲಿ, ಒಂಬತ್ತನೆಯದು ನಿಂಟೆಂಡೊದ ಕೈಯಂತ್ರ ಡಿಎಸ್‌ಗೆ ಅಂತ ಸಾರಿದರು. ಯಂತ್ರದ ಶಕ್ತಿ ನೋಡಿ ಮಾಡಿದ ಆಯ್ಕೆ ಅಲ್ಲ ಅದು. ಡಿಎಸ್ ಜನರ ಕೈಯಲ್ಲಿತ್ತು.

ಬೆಲೆಯನ್ನೂ ನೋಡಿ. 2025ರ ಜೂನ್‌ನಲ್ಲಿ ನಿಂಟೆಂಡೊ ಜಪಾನೀ ಭಾಷೆಗಷ್ಟೇ ಸೀಮಿತವಾದ ಸ್ವಿಚ್ 2 ತಂದಿತು, 49,980 ಯೆನ್‌ಗೆ. ಡಿಸ್ಕ್ ಹಾಕುವ ಪಿಎಸ್5 ಆಗ 79,980. ನವೆಂಬರ್‌ನಲ್ಲಿ ಸೋನಿಯೂ ಜಪಾನೀ ಭಾಷೆಯ, ಡಿಸ್ಕ್ ಇಲ್ಲದ ಡಿಜಿಟಲ್ ಪಿಎಸ್5 ಅನ್ನು 55,000ಕ್ಕೆ ಕೊಡಬೇಕಾಯಿತು.

ಎಕ್ಸ್‌ಬಾಕ್ಸ್ ಬಿಡಿ, ಚಿಕ್ಕ ತಂಡಕ್ಕೆ ಅಲ್ಲಿ ಕೆಲಸವಿಲ್ಲ. ಪಿಸಿಯಲ್ಲಿ ಜಪಾನೀ ಭಾಷೆಯೊಂದಿಗೆ ಬಿಡುಗಡೆ ಮಾಡಿ, ಜೊತೆಗೆ ಸ್ವಿಚ್. ಪಿಎಸ್5 ಆಮೇಲೆ ನೋಡಿದರಾಯಿತು. ಆಟವನ್ನು ಅಂಗಡಿಯಲ್ಲಿ ಮಾರುವ ಸ್ವಿಚ್ ಕಾರ್ಡ್ ಆಗಿ ಮಾಡಿಸುವ ಆಸೆ ಮೊದಲ ವರ್ಷ ಬೇಡ. ದುಡ್ಡು ಮುಂಗಡ ಹೋಗುತ್ತದೆ, ಮಾರದೆ ಉಳಿದದ್ದು ನಿಮ್ಮ ತಲೆಗೇ.

ಮುಕ್ಕಾಲು ಮುಗಿದಿದೆ ಅಂದಿರಲ್ಲ, ಉಳಿದ ಕಾಲು ಭಾಗಕ್ಕೆ ಕೈಹಾಕುವ ಮುಂಚೆ ನಿಮ್ಮ ಆಟದ ಅತಿ ಉದ್ದದ ಸಂಭಾಷಣೆಯನ್ನು ಜಪಾನಿಗೆ ಅನುವಾದ ಮಾಡಿಸಿ, 5.5 ಇಂಚಿನ ಪರದೆಗೆ ಇಳಿಸಿ, ಆ ಭಾಷೆ ಓದುವ ಯಾರದಾದರೂ ಕೈಗೆ ಕೊಡಿ. ಅವರು ಅದನ್ನು ಕಣ್ಣಿನ ಹತ್ತಿರ ತಂದುಕೊಳ್ಳುತ್ತಾರಾ ಅಂತ ನೋಡಿ. ‘ಒದೊರೊಕು’ ಇರುವ ಒಂದು ಸಾಲು ಅದರಲ್ಲಿ ಇರಲೇಬೇಕು.