ಉತ್ತರ: ಸಿರ್ಸಿ ಹತ್ರ ಇಬ್ರಿಗೆ ಒಂದೇ ರೈಡಿಂಗ್ ಅಂಗಳ, ಸಾಮಾನೆಲ್ಲ ಆಚೆ ತುದಿ ಕೊಟ್ಟಿಗೇಲಿ, ಕುದುರೆ ಬೆದರತ್ತೆ

ಕಾರಣ ಕುದುರೆ ಅಲ್ಲ, ಕೊಟ್ಟಿಗೆ ಬಾಗಿಲು ಅನ್ಸತ್ತೆ. ನೀವು ಓಡಿಸ್ತಿರುವಾಗ ಇನ್ನೊಬ್ರು ಜೀನು ತರೋಕೆ ಅಂಗಳದ ಮಧ್ಯದಿಂದ್ಲೇ ದಾಟ್ತಾರೆ, ತಗಡಿನ ಬಾಗಿಲು ಕಿರ್ ಅನ್ನತ್ತೆ, ಕುದುರೆ ಬೆದರೋಕೆ ಅಷ್ಟೇ ಸಾಕು.

ಮೊದ್ಲು ದಿನಾ ಬೇಕಾಗೋ ಜೀನು, ಲಗಾಮು, ಬ್ರಶ್ಶನ್ನ ಗೇಟ್ ಪಕ್ಕಕ್ಕೆ ತನ್ನಿ, ಒಂದು ತಗಡಿನ ಮಾಡು ಇಳಿಸಿದ್ರೆ ಆಯ್ತು. ಮುಚ್ಚಿದ ಪೆಟ್ಟಿಗೇಲಿ ಮಾತ್ರ ಜೀನು ಇಡ್ಬೇಡಿ, ನಮ್ಮ ಮಳೆಗಾಲದ ತೇವಕ್ಕೆ ಚರ್ಮದ ಹೊಲಿಗೆ ಸಂದಿಲೆಲ್ಲ ಬಿಳಿ ಬೂಸ್ಟು ಬರತ್ತೆ, ನಂದೊಂದು ಹಾಗೇ ಹಾಳಾಯ್ತು, ಗಾಳಿ ಆಡೋ ಹಾಗೆ ಕಂಬದ ಮೇಲೆ ಹಾಕಿ.

ಆಮೇಲೆ ಕೊಟ್ಟಿಗೇಲಿ ಹುಲ್ಲು, ಕುದುರೆ ಹಾರಿಸೋಕೆ ಅಡ್ಡ ಇಡೋ ಜಂಪಿನ ಕಂಬ ಅಷ್ಟೇ ಇರ್ಲಿ. ಹುಲ್ಲನ್ನ ನೆಲಕ್ಕೆ ತಾಗಿಸ್ದೆ ಅಡಿಕೆ ದಬ್ಬೆ ಅಟ್ಟದ ಮೇಲೆ ಪೇರಿಸಿ, ಹಸಿ ಇದ್ರೆ ಒಳಗೊಳಗೇ ಬಿಸಿ ಆಗತ್ತೆ. ಇವನ್ನ ತೆಗೆಯೋ ಹೊತ್ತು ಇಬ್ರೂ ಮಾತಾಡ್ಕೊಂಡು ಬೆಳಿಗ್ಗೆ ಸವಾರಿಗೆ ಮುಂಚೆ ಅಂತ ಇಟ್ಕೊಳ್ಳಿ.

ಸವಾರಿ ನಡೀತಿರುವಾಗ ಕೊಟ್ಟಿಗೆಗೆ ಹೋಗ್ಲೇಬೇಕಾದ್ರೆ ಹೊರಗಿಂದ್ಲೇ "ಬಾಗಿಲು" ಅಂತ ಕೂಗಿ, ಸವಾರರು ನಿಲ್ಲಿಸಿ "ಬನ್ನಿ" ಅಂದ್ಮೇಲೇ ಒಳಗೆ ಕಾಲಿಡ್ಬೇಕು. ಇದೊಂದನ್ನ ದಯವಿಟ್ಟು ಬಿಡ್ಬೇಡಿ.

ಒಂದೆರಡು ವಾರ ಹೀಗೆ ಮಾಡಿದ್ಮೇಲೂ ಕುದುರೆ ಕೊಟ್ಟಿಗೆ ಮೂಲೇಲೇ ಬೆದರಿದ್ರೆ ಬೇರೆ ಕಾರಣ ಇರಬಹುದು, ಅದರ ಕಣ್ಣನ್ನ ಪಶುವೈದ್ಯರಿಗೆ ತೋರಿಸಿ.