ಓದುಗರ ಪ್ರಶ್ನೆ: ಕೀಟವಾದವನ ಮನೆಯವರು

ಪ್ರಶ್ನೆ: ಮನುಷ್ಯ ಕೀಟವಾಗುವ, ಮೂಗು ಮುಖ ಬಿಟ್ಟು ಊರೆಲ್ಲ ಓಡಾಡುವ ಕಥೆಗಳನ್ನು ನಂಬುವಂತಿಲ್ಲ. ಆದರೂ ಓದುವಾಗ ನಮ್ಮ ಮನೆಯದೇ ಸಂಗತಿ ಎನ್ನಿಸುವುದೇಕೆ? ಇಂಥ ಅತಿವಾಸ್ತವ ಕಥೆಗಳ ಸಂಕೇತಾರ್ಥವನ್ನು ಹೇಗೆ ಬಿಡಿಸಿಕೊಳ್ಳಬೇಕು?
— ಓದುಗರೊಬ್ಬರು, ಧಾರವಾಡ

ಉತ್ತರ: ಸಂಕೇತಾರ್ಥದ ಚಿಂತೆಯನ್ನು ಸದ್ಯಕ್ಕೆ ಬದಿಗಿಡಿ. ಈ ಬಗೆಯ ಒಳ್ಳೆಯ ಕಥೆಗಳಲ್ಲಿ ಅಸಂಭವವಾದದ್ದು ಸಾಮಾನ್ಯವಾಗಿ ಒಂದೇ ಸಂಗತಿ. ಉಳಿದದ್ದೆಲ್ಲ ದಿನನಿತ್ಯದ ಬದುಕು. 1915ರಲ್ಲಿ ಪ್ರಕಟವಾದ, ಜರ್ಮನ್ ಭಾಷೆಯ ಲೇಖಕ ಕಾಫ್ಕಾನ ‘ರೂಪಾಂತರ’ ಎಂಬ ನೀಳ್ಗತೆಯಲ್ಲಿ, ಕೀಟವಾಗಿ ಎಚ್ಚರಗೊಂಡ ಗ್ರೆಗೋರ್ ಸಾಮ್ಸಾ ತನ್ನ ದೇಹಕ್ಕೇನಾಯಿತು ಎಂಬುದಕ್ಕಿಂತ ಐದು ಗಂಟೆಯ ರೈಲು ತಪ್ಪಿತಲ್ಲ ಎಂದೇ ಹೆಚ್ಚು ಕಳವಳಪಡುತ್ತಾನೆ. ಅಷ್ಟರಲ್ಲಿ ಕಚೇರಿಯ ಮುಖ್ಯ ಗುಮಾಸ್ತ ವಿಚಾರಿಸಲು ಮನೆಗೇ ಬಂದುಬಿಡುತ್ತಾನೆ. ಅಪ್ಪನ ಸಾಲ ತೀರಿಸುತ್ತಿದ್ದ ಮಗ ಇನ್ನು ದುಡಿಯಲಾರ ಎಂದಾದ ಮೇಲೆ, ಅವನಿಗೆ ಊಟವಿಡುವ ಕೆಲಸ ತಂಗಿ ಗ್ರೇಟೆಯ ಪಾಲಿಗೆ ಬರುತ್ತದೆ. ಅಣ್ಣ ಹಾಲು ಮುಟ್ಟಿಲ್ಲವೆಂದು ಕಂಡು, ಅವನಿಗೆ ಏನು ರುಚಿಸೀತೆಂದು ತಿಳಿಯಲು ಅವಳು ಹಳೆಯ ಪತ್ರಿಕೆಯ ಮೇಲೆ ಬಗೆಬಗೆಯ ತಿನಿಸು ಹರಡುತ್ತಾಳೆ. ಆದರೆ ಅವನ ಬಟ್ಟಲನ್ನು ಮಾತ್ರ ಬರಿಗೈಯಲ್ಲಿ ಎತ್ತುವುದಿಲ್ಲ, ಚಿಂದಿಬಟ್ಟೆಯಲ್ಲಿ ಹಿಡಿದು ಎತ್ತುತ್ತಾಳೆ. ಕೊನೆಗೆ ಇದನ್ನು ತೊಲಗಿಸಲೇಬೇಕೆಂದು ಪಟ್ಟು ಹಿಡಿಯುವವಳೂ ಅವಳೇ.

ಹಾಸಿಗೆ ಹಿಡಿದವರನ್ನು ವರ್ಷಗಟ್ಟಲೆ ನೋಡಿಕೊಂಡ ಮನೆಯವರಿಗೆ ಆ ಚಿಂದಿಬಟ್ಟೆ ಅರ್ಥವಾಗುತ್ತದೆ. ಇದೇ ಕಥೆಯಲ್ಲಿ ಕಾಯಿಲೆಗೆ ಒಂದು ಹೆಸರಿದ್ದಿದ್ದರೆ ನಾವು ವೈದ್ಯರನ್ನೋ ಬಡತನವನ್ನೋ ದೂರಿ ಸಮಾಧಾನಪಡುತ್ತಿದ್ದೆವು; ಕಾರಣವೇ ಇಲ್ಲದ ಕಾರಣ, ಮನೆಯವರು ಹೇಗೆ ನಡೆದುಕೊಂಡರು ಎಂಬುದನ್ನಷ್ಟೇ ನೋಡಬೇಕಾಗುತ್ತದೆ. ಮುಖಪುಟದಲ್ಲಿ ಕೀಟದ ಚಿತ್ರ ಬೇಡವೇ ಬೇಡ, ದೂರದಿಂದ ಕಂಡಂತೆಯೂ ಬೇಡ ಎಂದು ಕಾಫ್ಕಾ ಪ್ರಕಾಶಕರಿಗೆ ಬರೆದಿದ್ದ. ‘ಕೀಟವೆಂದರೆ ಇಂಥದ್ದು’ ಎಂದು ತೀರ್ಮಾನಿಸುವ ವಿಮರ್ಶಕರಿಗೂ ಆ ಪತ್ರ ಸಲ್ಲುತ್ತದೆ.

ನಮ್ಮದೇ ಸಂಗತಿ ಎನ್ನಿಸುವುದೇಕೆ ಎಂಬ ನಿಮ್ಮ ಪ್ರಶ್ನೆಗೆ 1836ರಲ್ಲಿ ಪ್ರಕಟವಾದ, ರಷ್ಯನ್ ಲೇಖಕ ಗೊಗೋಲನ ‘ಮೂಗು’ ಇನ್ನೂ ಒಳ್ಳೆಯ ಉದಾಹರಣೆ. ಪೀಟರ್ಸ್‌ಬರ್ಗಿನ ಅಧಿಕಾರಿ ಕೊವಾಲ್ಯೋವ್ ಕಳೆದುಹೋದ ತನ್ನ ಮೂಗನ್ನು ಇಗರ್ಜಿಯಲ್ಲಿ ಕಂಡರೂ ಮಾತನಾಡಿಸಲು ಅಳುಕುತ್ತಾನೆ, ಏಕೆಂದರೆ ಅದು ತೊಟ್ಟಿರುವ ಸಮವಸ್ತ್ರ ಅವನಿಗಿಂತ ಮೇಲಿನ ದರ್ಜೆಯದು. ಪತ್ರಿಕಾ ಕಚೇರಿಯ ಗುಮಾಸ್ತ, ಪತ್ರಿಕೆಯ ಮರ್ಯಾದೆ ಹೋದೀತೆಂದು ಅವನ ಜಾಹೀರಾತನ್ನು ನಿರಾಕರಿಸಿ, ಸಾಂತ್ವನಕ್ಕೆಂದು ನಶ್ಯದ ಡಬ್ಬಿ ಮುಂದೆ ಹಿಡಿಯುತ್ತಾನೆ. ಮೂಗಿಲ್ಲದವನಿಗೆ ನಶ್ಯ! ಗುಮಾಸ್ತನಲ್ಲಿ ಕೆಡುಕಿಲ್ಲ, ಗಮನವಿಲ್ಲ ಅಷ್ಟೆ.

ಇದು ಪರದೇಶದ ಸರಕೆಂದು ಭಾವಿಸಬೇಕಾಗಿಲ್ಲ. ಎ.ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡ ಜನಪದ ಕಥೆಯೊಂದರಲ್ಲಿ ಹೂಮರವಾಗಬಲ್ಲ ಹುಡುಗಿಯನ್ನು ಅವಳ ನಾದಿನಿ ಗೆಳತಿಯರ ಎದುರು ಮರವಾಗೆಂದು ಪೀಡಿಸುತ್ತಾಳೆ. ಅವರು ಹೂವಿನ ಆಸೆಗೆ ಕೊಂಬೆಗಳನ್ನು ಮುರಿದುಹಾಕಿದ್ದರಿಂದ ಅವಳು ಕೈಕಾಲಿಲ್ಲದವಳಾಗುತ್ತಾಳೆ. ಅಲ್ಲಿಯೂ ಅಸಂಭವವಾದದ್ದು ಮರವಾಗುವುದೊಂದೇ. ನಾದಿನಿಯ ಹಟವಂತೂ ಮನೆಮನೆಯದು.

ಹಾಗಾಗಿ, ‘ಇದರ ಅರ್ಥವೇನು’ ಎನ್ನುವ ಬದಲು ‘ಇದಾದ ಮೇಲೆ ಯಾರು ಏನು ಮಾಡಿದರು’ ಎಂದು ಕೇಳಿಕೊಂಡು ಓದಿ. ವಾಕ್ಯಕ್ಕೊಂದು ವಿಚಿತ್ರ ತುರುಕಿದ ಕಥೆಗಳಲ್ಲಿ ಈ ಪ್ರಶ್ನೆಗೆ ಉತ್ತರ ಸಿಗುವುದು ಅಪರೂಪ; ಅಂಥವನ್ನು ಅರ್ಧಕ್ಕೆ ಬಿಟ್ಟರೂ ನಷ್ಟವಿಲ್ಲ.