ನಿಮ್ಮ ಲೇಖನದ ಜೀವ ಕೊನೇ ಪ್ಯಾರಾದಲ್ಲಿ ಸಿಕ್ಕಾಕ್ಕೊಂಡಿದೆ

ನಮಸ್ಕಾರ,

ಪೊನ್ನಂಪೇಟೆಯಿಂದ ನೀವು ಕಳ್ಸಿದ ‘ತೇಲುವ ಐಸ್, ಕೆಳಗೆ ಅಲೆ’ ಲೇಖನ ಓದ್ದೆ. ನೇರವಾಗೇ ಹೇಳ್ತೀನಿ, ಈಗಿರೋ ಹಾಗೆ ಹಾಕಕ್ಕಾಗಲ್ಲ, ಆದ್ರೆ ಕೈ ಬಿಡೋಕೂ ಮನಸ್ಸಿಲ್ಲ, ಇಂಥ ವಿಷ್ಯ ಕನ್ನಡದಲ್ಲಿ ಬರೆಯೋರೇ ಕಮ್ಮಿ.

ಮೊದಲ ಎರಡು ಪುಟ ಪೂರ್ತಿ ತಲಕಾವೇರಿ, ಹಾರಂಗಿ ಹಿನ್ನೀರು, ಮಂಜು. ಭಾಷೆ ಚೆನ್ನಾಗಿದೆ, ಆದ್ರೂ ತೆಗೀರಿ. ಹಾರಂಗಿ ಮೇಲೆ ಐಸ್ ಕಟ್ಟಲ್ಲ, ನಮ್ಮ ತೋಟದೋರು, ಹೈಸ್ಕೂಲ್ ಮೇಷ್ಟ್ರುಗಳು ಆರ್ಕ್ಟಿಕ್ ಕಥೆನ ಆರ್ಕ್ಟಿಕ್ ಕಥೆಯಾಗೇ ಓದ್ತಾರೆ, ಅವರಿಗೋಸ್ಕರ ಅದನ್ನ ಕೊಡಗಿಗೆ ಎಳ್ಕೊಂಡು ಬರೋದು ಬೇಡ.

ಶುರು ಮಾಡ್ಬೇಕಾದ್ದು ನೀವು ಕೊನೇಲಿ ಎರಡೇ ಸಾಲಲ್ಲಿ ಮುಗ್ಸಿರೋ ಫ್ರಾಮ್ ಹಡಗಿನಿಂದ. 1893ರಲ್ಲಿ ಸೈಬೀರಿಯಾ ಕರಾವಳಿ ಹತ್ರ ನಾರ್ವೆಯ ಅನ್ವೇಷಕ ನಾನ್ಸೆನ್ ಅವರ ಈ ಹಡಗು ಎಂಜಿನ್ ಓಡ್ತಿದ್ರೂ ತೆವಳೋಕೆ ಶುರು ಮಾಡ್ತು, ಸುತ್ತ ತಿರುಗಿಸಿ ನೋಡಿದ್ರೂ ಬಿಡ್ಲಿಲ್ಲ. ನೀವು ‘ಐಸ್ ಹಿಡ್ಕೊಂಡಿತ್ತು’ ಅಂತ ಬರ್ದಿದ್ದೀರಿ, ಅದು ತಪ್ಪು. ಉಪ್ಪು ನೀರಿನ ಮೇಲೆ ಸಿಹಿ ನೀರಿನ ತೆಳು ಪದರ ಇತ್ತು, ಎರಡೂ ಸೇರೋ ಗಡೀಲಿ ಹಡಗೇ ಅಲೆ ಎಬ್ಬಿಸ್ತಿತ್ತು, ಎಂಜಿನ್ ಶಕ್ತಿ ಎಲ್ಲ ಅದಕ್ಕೇ ಹೋಗ್ತಿತ್ತು. ಸ್ವೀಡನ್ನಿನ ಸಮುದ್ರ ವಿಜ್ಞಾನಿ ಎಕ್ಮನ್ ಇದನ್ನ ತೊಟ್ಟೀಲಿ ನೀರು ಪದರ ಪದರವಾಗಿ ತುಂಬಿ ಪ್ರಯೋಗ ಮಾಡಿ 1904ರಲ್ಲಿ ವಿವರಿಸಿದ್ರು. ಇಲ್ಲಿ ಒಂದು ಲೆಕ್ಕ ಹಾಕಿ ತೋರ್ಸಿ: ಸಿಹಿ ನೀರು ಘನ ಮೀಟರಿಗೆ 1000 ಕೆಜಿ, ಸಮುದ್ರದ್ದು ಸುಮಾರು 1025, ಮೇಲಿನ ಪದರ 4 ಮೀಟರ್, ಕೆಳಗಿಂದು ತುಂಬಾ ಆಳ ಅಂದ್ಕೊಳ್ಳಿ, ಆ ಗಡೀಲಿ ಹೋಗೋ ಉದ್ದ ಅಲೆ (ಒಂದು ಏರಿಂದ ಇನ್ನೊಂದು ಏರಿಗೆ ದೂರ ಜಾಸ್ತಿ ಇರೋದು) ಸೆಕೆಂಡಿಗೆ ಹೆಚ್ಚುಕಮ್ಮಿ 1 ಮೀಟರ್ ಹೋಗುತ್ತೆ, ಅಂದ್ರೆ ಮನುಷ್ಯ ನಡೆಯೋದಕ್ಕಿಂತ್ಲೂ ನಿಧಾನ. ಈ ಒಂದು ಅಂಕಿ ನಿಮ್ಮ ಮೂರು ಪ್ಯಾರಾ ವರ್ಣನೆಗಿಂತ ಜಾಸ್ತಿ ಕೆಲ್ಸ ಮಾಡುತ್ತೆ.

ಆಮೇಲೆ ಐಸ್ ತನ್ನಿ. ಹಾಲಿನ ಕೆನೆ ಹೋಲಿಕೆ ಬೇಡವೇ ಬೇಡ, ಕೆನೆಗೆ ಬಿಗಿ ಇಲ್ಲ, ಇಲ್ಲಿ ವಿಷ್ಯ ಇರೋದೇ ಬಿಗೀಲಿ. ತೇಲೋ ಐಸ್ ಹಾಳೆ ಒಂದು ಗಟ್ಟಿ ಪ್ಲೇಟಿನ ಹಾಗೆ, ಬಗ್ಗಿಸಿದ ಪ್ಲೇಟು ವಾಪಸ್ ನೇರ ಆಗೋಕೆ ಒದ್ದಾಡುತ್ತೆ, ದಪ್ಪ ಎರಡು ಪಟ್ಟು ಆದ್ರೆ ಆ ಬಿಗಿ ಎಂಟು ಪಟ್ಟು. ಹಾಗಂತ ‘ದಪ್ಪ ಐಸ್ ಎಲ್ಲಾ ಅಲೆ ತಡೆಯುತ್ತೆ’ ಅನ್ನೋ ನಿಮ್ಮ ಸಾಲು ನಿಲ್ಲಲ್ಲ. ಚಿಕ್ಕ ಅಲೆಗಳು ಅಂಚಲ್ಲೇ ಸಾಯ್ತವೆ, ಉದ್ದ ಅಲೆಗೆ ಬಾಗು ಎಷ್ಟು ಕಮ್ಮಿ ಅಂದ್ರೆ ಪ್ಲೇಟಿನ ಬಿಗಿ ಅದಕ್ಕೆ ಗೊತ್ತೇ ಆಗಲ್ಲ, ಅಂಥವು ಐಸಿನೊಳಗೆ ನೂರಾರು ಕಿಲೋಮೀಟರ್ ಹೋಗಿರೋದು ಅಳತೆಗೂ ಸಿಕ್ಕಿದೆ. ‘ಇತ್ತೀಚಿನ ಸಂಶೋಧನೆ’ ಅನ್ನೋದನ್ನೂ ತೆಗೀರಿ, ತೇಲೋ ಐಸ್ ಪ್ಲೇಟಿನ ಲೆಕ್ಕ ಇಂಗ್ಲೆಂಡಿನ ಗಣಿತಜ್ಞ ಗ್ರೀನ್‌ಹಿಲ್ 1880ರ ದಶಕದಲ್ಲೇ ಮಾಡಿದ್ರು.

ಈಗ ಎರಡನ್ನೂ ಸೇರ್ಸಿ, ನಂಗೆ ನಿಜವಾಗ್ಲೂ ಬೇಕಿರೋ ಜಾಗ ಇದು. ಪದರದ ನೀರಿನ ಮೇಲೆ ಪ್ಲೇಟು ಇದ್ರೆ ಒಂದೇ ಫ್ರೀಕ್ವೆನ್ಸಿಗೆ (ಅಂದ್ರೆ ಸೆಕೆಂಡಿಗೆ ಅಷ್ಟೇ ಸಲ ಏರಿಳಿಯೋ ಹಾಗೆ) ಎರಡು ಥರ ಅಲೆ ಹೋಗ್ಬಹುದು, ಒಂದು ಪ್ಲೇಟನ್ನೇ ಬಗ್ಗಿಸ್ತಾ ವೇಗವಾಗಿ, ಇನ್ನೊಂದು ಒಳಗಿನ ಗಡೀಲಿ ನಿಧಾನಕ್ಕೆ. ಎರಡನೇದು ಒಳಗೆ ಮೀಟರ್‌ಗಟ್ಲೆ ಏರಿಳಿದ್ರೂ ಮೇಲೆ ಐಸ್ ಸೆಂಟಿಮೀಟರ್ ಲೆಕ್ಕದಲ್ಲಿ ಅಲ್ಲಾಡುತ್ತೆ, ಎರಡು ನೀರಿನ ತೂಕದ ವ್ಯತ್ಯಾಸ ಅಷ್ಟು ಕಮ್ಮಿ ಇರೋದ್ರಿಂದ. ನಿಮ್ಮಲ್ಲಿ ಇದು ಹತ್ತೊಂಬತ್ತನೇ ಸಮೀಕರಣದ ಕೆಳಗೆ ಹೂತೋಗಿದೆ. ಸಮೀಕರಣ ಒಂದು ಸಾಕು, ಜೊತೆಗೆ ಎರಡೂ ಅಲೆ ತೋರ್ಸೋ ಒಂದು ಚಿತ್ರ, ಕೈಯಲ್ಲೇ ಬರ್ದು ಫೋಟೋ ಕಳ್ಸಿದ್ರೂ ನಡೆಯುತ್ತೆ.

ಒಂಬೈನೂರು ಪದಕ್ಕೆ ಇಳ್ಸಿ, ಮಳೆಗಾಲ ಶುರುವಾಗೋ ಮುಂಚೆ ಕಳ್ಸಿ, ಆಮೇಲೆ ಇಲ್ಲಿ ಕರೆಂಟು ನೆಟ್ಟು ಎರಡೂ ನಂಬಕ್ಕಾಗಲ್ಲ. ಡೌಟ್ ಇದ್ರೆ ಮಡಿಕೇರಿಗೆ ಬಂದಾಗ ಆಫೀಸಿಗೇ ಬನ್ನಿ, ಕೂತು ಸಾಲು ಸಾಲು ನೋಡೋಣ.